ಜಡಿಮಳೆಯ ನಡುವಿನ ಆ ಹೊಡೆತ

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲೇ ಪುಸ್ತಕದಲ್ಲಿ ಬರೆದಿಡುತ್ತಾರೆ. ಆರಿದ್ರಾ ಮಳೆ ಹಿಡಿದ ದಿನ ಅಲ್ಲಿನ ಜಗಲಿಯಲ್ಲಿ ಕೂತು ನೋಡಬೇಕು. ಬೆಳಗಿನಿಂದ ಜಿಟಿಜಿಟಿ ಬೀಳುತ್ತಿದ್ದದ್ದು ಇದ್ದಕ್ಕಿದ್ದಂತೆ ಹೆಂಚು ಒಡೆದುಹೋಗುವ ಹಾಗೆ ಸುರಿಯುತ್ತದೆ. ಅಂಗಳದಾಚೆಯ ಕಾಫಿ ಗಿಡವೂ ಕಾಣುವುದಿಲ್ಲ. ಹತ್ತು ನಿಮಿಷ, ಮತ್ತೆ ಜಿಟಿಜಿಟಿ. ಗುಡುಗಿಲ್ಲ, ಮಿಂಚಿಲ್ಲ, ಮೇಲೆ ಅದೇ ಬೂದು ಮೋಡ. ಕೆಲಸದವರು ‘ಒಂದು ಹೊಡೆತ ಬಂದು ಹೋಯ್ತು’ ಎಂದು ಪ್ಲಾಸ್ಟಿಕ್ ಕೊಪ್ಪೆ ಕೊಡವಿ ತೋಟಕ್ಕೆ ಇಳಿಯುತ್ತಾರೆ.

ಶಾಲೆಯಲ್ಲಿ ನಾವು ಪರ್ವತ ಮಳೆ ಬೇರೆ, ಪರಿಸರಣ ಮಳೆ ಬೇರೆ ಎಂದು ಕಲಿತೆವು. ಘಟ್ಟ ಗಾಳಿಯನ್ನು ತಡೆದು ಮೇಲೆತ್ತುತ್ತದೆ, ಈ ಕಡೆ ಮಳೆ, ಆ ಕಡೆ ಕಡೂರಿನಲ್ಲಿ ಬಿಸಿಲು; ಇದು ಪರ್ವತ ಮಳೆ. ಬಿಸಿಲಿಗೆ ಕಾದ ನೆಲದಿಂದ ಗಾಳಿ ತಾನೇ ಮೇಲೆದ್ದು ಸುರಿಸುವುದು ಪರಿಸರಣ ಮಳೆ. 1966ರಲ್ಲಿ ಹವಾಮಾನ ವಿಜ್ಞಾನಿ ಆರ್. ಪಿ. ಸರ್ಕಾರ್ ಪಶ್ಚಿಮಘಟ್ಟದ ಮಳೆಗೆ ಗಣಿತದ ಮಾದರಿ ಕಟ್ಟಿದಾಗಲೂ ಲೆಕ್ಕಕ್ಕೆ ಸಿಕ್ಕಿದ್ದು ಬೆಟ್ಟವನ್ನು ಅಲೆಯಂತೆ ನುಣುಪಾಗಿ ಹತ್ತುವ ಗಾಳಿ. ನುಣುಪಾಗಿ ಹತ್ತಿದ ಗಾಳಿಯಿಂದ ಸಮನಾದ ಮಳೆ ಬರುತ್ತದೆ, ಹೊಡೆತ ಬರುವುದಿಲ್ಲ.

ಹೊಡೆತದ ಗುಟ್ಟಿನ ಒಂದು ಎಳೆಯನ್ನು ಹವಾಮಾನ ವಿಜ್ಞಾನಿ ಕಾರ್ಲ್-ಗುಸ್ತಾಫ್ ರಾಸ್ಬಿ 1932ರಲ್ಲೇ ಹಿಡಿದಿದ್ದರು. ಮೇಲೇರುವ ಗಾಳಿ ಮೋಡವಾಗುವ ತನಕ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಮೋಡವಾದ ಮೇಲೆ, ಆವಿ ಹನಿಗಟ್ಟುವಾಗ ಬಿಡುವ ಶಾಖದಿಂದಾಗಿ, ಮುಂಗಾರಿನ ಬೆಚ್ಚನೆಯ ಗಾಳಿ ತಣಿಯುವುದು ಅದರ ಅರ್ಧದಷ್ಟೇ. ಈಗ ಅರಬ್ಬಿ ಸಮುದ್ರದಿಂದ ಬಂದ ಒಂದು ದಪ್ಪ ಪದರವನ್ನು ಚಾರ್ಮಾಡಿ ಘಟ್ಟ ಇಡಿಯಾಗಿ ಎತ್ತಿತು ಎನ್ನಿ. ಪದರದ ತಳ ತೇವದಿಂದ ತುಂಬಿದೆ, ತಲೆ ಅಷ್ಟಿಲ್ಲ. ತಳ ಬೇಗ ಮೋಡವಾಗಿ ನಿಧಾನಕ್ಕೆ ತಣಿಯುತ್ತದೆ. ತಲೆ ಇನ್ನೂ ಭರದಿಂದ ತಣಿಯುತ್ತಲೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನದು ಹಗುರ, ಮೇಲಿನದು ಭಾರ. ಒಲೆಯ ಮೇಲಿಟ್ಟ ಎಸರಿನಂತೆ ಮೋಡ ಒಳಗೊಳಗೇ ಕುದಿಯತೊಡಗುತ್ತದೆ. ಕಾಫಿ ಹೂ ಅರಳಿಸುವ ಏಪ್ರಿಲ್‌ನ ಹೂಮಳೆಗೆ ಬಿಸಿಲು ನೆಲವನ್ನು ಕಾಯಿಸಬೇಕು. ಇಲ್ಲಿ ಬಿಸಿಲೇ ಬೇಡ, ಎತ್ತಿದ್ದೇ ಸಾಕು. ಪರ್ವತ ಮಳೆಯ ಹೊಟ್ಟೆಯಲ್ಲೇ ಪರಿಸರಣ ಮಳೆ! ಮುಂಗಾರಿನಲ್ಲಿ ನನಗೆ ಇದಕ್ಕಿಂತ ಸೊಗಸಾದ ಸಂಗತಿ ಕಂಡಿಲ್ಲ.

ಆದರೆ ಕುದಿ ಬರಲು ಹೊತ್ತು ಬೇಕು. 2004ರಲ್ಲಿ ಕಿರ್ಶ್‌ಬಾಮ್ ಮತ್ತು ಡುರಾನ್, ಮರುವರ್ಷ ಫ್ಯೂರರ್ ಮತ್ತು ಶೇರ್ ಎಂಬ ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳಲ್ಲಿ ಇದನ್ನು ತೋರಿಸಿದರು. ಸೆಕೆಂಡಿಗೆ 15 ಮೀಟರ್ ಬೀಸುವ ಗಾಳಿ 15 ಕಿ.ಮೀ. ಅಗಲದ ಮೋಡವನ್ನು 17 ನಿಮಿಷದೊಳಗೆ ದಾಟಿಬಿಡುತ್ತದೆ. ಅಷ್ಟರಲ್ಲಿ ಕುದಿ ಬಲಿತರೆ ಹೊಡೆತ. ಇಲ್ಲವಾದರೆ ಸೋನೆಯೇ ಗತಿ. ದಾರಿಯಲ್ಲಿನ ಸಣ್ಣಪುಟ್ಟ ಗುಡ್ಡ, ಕಣಿವೆಗಳು ಗಾಳಿಯನ್ನು ಅಲ್ಲಲ್ಲಿ ಕುಲುಕಿ ಕುದಿಯನ್ನು ಬೇಗ ಎಬ್ಬಿಸುತ್ತವೆ.

ಗುಡುಗು ಏಕಿಲ್ಲ ಎಂಬುದಕ್ಕೆ ಉಷ್ಣವಲಯದ ಮಳೆ ಅಳೆಯಲೆಂದು 1997ರಲ್ಲಿ ಹಾರಿದ ಟಿಆರ್‌ಎಂಎಂ ಉಪಗ್ರಹದ ರಾಡಾರ್ ಉತ್ತರ ಕೊಟ್ಟಿತು. ಘಟ್ಟದ ಮುಂಗಾರು ಮಳೆಯ ದೊಡ್ಡ ಪಾಲು ಹೆಚ್ಚು ಎತ್ತರಕ್ಕೆ ಬೆಳೆಯದ ಮೋಡಗಳದು. ಅಲ್ಲಿ ಹನಿಗೆ ಹನಿ ಕೂಡಿಯೇ ಮಳೆಯಾಗುತ್ತದೆ, ಮಿಂಚು ಹುಟ್ಟಿಸುವಷ್ಟು ಹಿಮ ಕಟ್ಟುವುದಿಲ್ಲ.

ಮುನ್ಸೂಚನೆಗೆ ಮಾತ್ರ ಈ ಕುದಿ ಈಗಲೂ ಜಾರಿಹೋಗುತ್ತದೆ. ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ; ಚೌಕಕ್ಕಿಂತ ಚಿಕ್ಕದು ಅದಕ್ಕೆ ಕಾಣುವುದಿಲ್ಲ. ದೇಶದ ಜಾಗತಿಕ ಮಾದರಿಯ ಚೌಕಗಳು 12 ಕಿ.ಮೀ. ಇದ್ದವು, 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂನಲ್ಲಿ 6 ಕಿ.ಮೀ.ಗೆ ಇಳಿದಿವೆ. ಒಂದು ಹೊಡೆತದ ಅಗಲವೋ ಎರಡು ಮೂರು ಕಿಲೋಮೀಟರ್. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ದಿನದ ಒಟ್ಟು ಮಳೆಯಷ್ಟೇ ಗೊತ್ತಿದ್ದರೆ ಸಾಲದು. ಬೆಳಿಗ್ಗೆ ಮಾಪಕ ಅಳೆದು ಬರೆಯುವ ಅಂಕಿಯಲ್ಲಿ ಸೋನೆಯೂ ಹೊಡೆತವೂ ಕಲೆತುಹೋಗಿರುತ್ತವೆ. ಆ ಪುಸ್ತಕದ ಅಂಚಿನಲ್ಲಿ ಹೊಡೆತ ಬಂದ ಗಂಟೆ, ನಿಮಿಷವನ್ನೂ ಯಾರಾದರೂ ಗುರುತು ಹಾಕಿಟ್ಟಿದ್ದರೆ, ದಯವಿಟ್ಟು ಅದನ್ನು ಗೆದ್ದಲಿಗೆ ಬಿಡಬೇಡಿ.