ಗರ್ಭಪೂರ್ವ ಆರೈಕೆ: ಬಸಿರಿಗೂ ಮುಂಚಿನ ದಿನಗಳಿಗೆ ಒಂದು ಪದ

ಬಸಿರು, ಬಯಕೆ, ಸೀಮಂತ, ಹೆರಿಗೆ, ಬಾಣಂತನ. ಗರ್ಭ ನಿಂತ ಮೇಲಿನ ಒಂದೊಂದು ಹಂತಕ್ಕೂ ನಮ್ಮಲ್ಲಿ ಹೆಸರಿದೆ. ಅದಕ್ಕೂ ಹಿಂದಿನ ದಿನಗಳಿಗೆ ಮಾತ್ರ ಮನೆಮಾತಿನ ಪದವಿಲ್ಲ; 'ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?' ಅನ್ನುವ ಪ್ರಶ್ನೆಯೊಂದಿದೆ ಅಷ್ಟೆ. 'ಗರ್ಭಪೂರ್ವ ಆರೈಕೆ' ಎಂಬ ಪದ ಆ ದಿನಗಳದ್ದು. ಮಗು ಬೇಕೋ ಬೇಡವೋ, ಬೇಕಾದರೆ ಯಾವಾಗ ಎಂದು ಗಂಡಹೆಂಡತಿ ಕೂತು ತೀರ್ಮಾನಿಸುವುದು, ಬೇಕೆಂದಾದರೆ ಇಬ್ಬರೂ ಮೊದಲೇ ಮೈ ಸರಿಮಾಡಿಕೊಳ್ಳುವುದು, ಇಷ್ಟೂ ಅದರಲ್ಲಿ ಸೇರಿದೆ.

'ಪೂರ್ವ' ಅಂದರೆ ಎಷ್ಟು ಮುಂಚೆ? ಲೆಕ್ಕ ಹಾಕಿ ನೋಡಿ. ಮಗುವಿನ ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪುವ ಹೊತ್ತಿಗೇ ಅದರಲ್ಲಿ ಎರಡು ವಾರ ಕಳೆದಿರುತ್ತದೆ. ಇನ್ನೊಂದು ವಾರ ನೋಡೋಣ ಅಂತ ಕಾದು, ಮೆಡಿಕಲ್ ಶಾಪಿನಿಂದ ಕಿಟ್ ತಂದು, ಎರಡು ಗೆರೆ ಕಂಡು, ಇಬ್ಬರಿಗೂ ರಜೆ ಹೊಂದುವ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಕೊಳವೆ ಮುಚ್ಚಿಯಾಗಿರುತ್ತದೆ. ಅದು ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಸಿಡ್ ಮಾತ್ರೆಯನ್ನು ಆಮೇಲೆ ಶುರುಮಾಡಿದರೆ ಆ ಕೆಲಸಕ್ಕೆ ತಡವಾಯಿತು. ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 400 ಮೈಕ್ರೊಗ್ರಾಂ ಅನ್ನುವುದು ಇದಕ್ಕೇ. ಫಿಟ್ಸ್ ಮಾತ್ರೆ ನುಂಗುತ್ತಿರುವವರು, ಹಿಂದಿನ ಮಗುವಿಗೆ ನರಕೊಳವೆ ಸರಿಯಾಗಿ ಮುಚ್ಚದ ದೋಷವಿದ್ದವರು ಮೊದಲೇ ವೈದ್ಯರನ್ನು ಕಾಣಲೇಬೇಕು. ಅವರ ಡೋಸ್ ಬೇರೆ ಇರಬಹುದು. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಹಿಮೋಗ್ಲೋಬಿನ್, ಶುಗರ್, ಬಿಪಿ, ಥೈರಾಯ್ಡ್ ಪರೀಕ್ಷೆಗಳೂ ಈಗಲೇ ಆಗಬೇಕು. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಗರ್ಭ ಮುಂದೂಡಬೇಕು. ಗಂಡನ ಪಾಲೂ ಇದೆ: ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಆದ್ದರಿಂದ ಇವತ್ತು ಬಿಟ್ಟ ಸಿಗರೇಟಿನ ಫಲ ಕಾಣುವುದು ಮೂರು ತಿಂಗಳ ಮೇಲೆ.

ನಮ್ಮ ಕಡೆ ಇನ್ನೊಂದು ಮಾತು ಮುಚ್ಚುಮರೆಯಿಲ್ಲದೆ ಆಡಬೇಕು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವರು ಎಷ್ಟೋ ಮನೆಗಳಲ್ಲಿದ್ದಾರೆ. ಸಾಮಾನ್ಯವಾಗಿ ಹುಟ್ಟುವ 100 ಮಕ್ಕಳಲ್ಲಿ 2–3ಕ್ಕೆ ಹುಟ್ಟುದೋಷ ಇರುತ್ತದೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸರಿಸುಮಾರು ದುಪ್ಪಟ್ಟು. ಹಾಗಿದ್ದೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಹೆದರಬೇಕಾಗಿಲ್ಲ, ಆನುವಂಶಿಕ ಸಲಹೆಗೆ ಒಮ್ಮೆ ಹೋಗಿಬರಬೇಕು.

'ಯಾವಾಗ' ಎಂಬ ಯೋಚನೆ ಪೇಟೆಯ ಹೊಸ ಗೀಳು ಅನ್ನುವವರಿದ್ದಾರೆ. ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ್ದು 1930ರಲ್ಲಿ!

ಬನಶಂಕರಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಗಂಡನ ಜೊತೆ ಗರ್ಭಪೂರ್ವ ಆರೈಕೆಯ ಸಲಹೆಗೆ ಹೋಗಿದ್ದಳು. ಡಾಕ್ಟರಮ್ಮ ಕೇಳಿದ್ದು, 'ಮುಂದಿನ ಒಂದು ವರ್ಷದಲ್ಲಿ ಮಗು ಬೇಕು ಅಂತಿದ್ದೀರಾ?' ಮದುವೆಯಾಗಿ ಮೂರು ವರ್ಷ ಎಲ್ಲರೂ 'ಯಾವಾಗ' ಅಂದಿದ್ದರು, 'ಬೇಕಾ' ಅಂದವರು ಇವರೇ ಮೊದಲಂತೆ. ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆ ಎಂದು ಬಂತು. ಈಗ ಬೆಳಗ್ಗೆ ಎದ್ದು ಮಾತ್ರೆ ನುಂಗಿ, ಡಿಕಾಕ್ಷನ್ ಇಳಿದಿದ್ದರೂ ಮುಕ್ಕಾಲು ಗಂಟೆ ಕಾಯುತ್ತಾಳೆ. ಜೊತೆಗೇ ಕಾಫಿ ಕುಡಿದರೆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. 'ಆ ವಾಸನೇಲಿ ಕೂತಿರೋದೇ ತಪಸ್ಸು ಕಣಕ್ಕಾ' ಅನ್ನುತ್ತಾಳೆ.

ಇನ್ನೆರಡು ವರ್ಷ ಬೇಡ ಎಂದು ಅವರಿಬ್ಬರ ತೀರ್ಮಾನ. ಅದಕ್ಕೆ ಬಳಸುವ ವಿಧಾನವೂ ಈ ಲೆಕ್ಕದೊಳಗೇ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ 'ಅಂತರಾ' ಗರ್ಭನಿರೋಧಕ ಚುಚ್ಚುಮದ್ದಿನ ಕೊನೆಯ ಡೋಸ್ ಆದ ಮೇಲೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಕಾಪರ್-ಟಿ ತೆಗೆಸಿದರೆ ಅಷ್ಟು ಕಾಯಬೇಕಿಲ್ಲ. ಅವಳು ಕಾಪರ್-ಟಿ ಹಾಕಿಸಿಕೊಂಡಳು. ತೆಗೆಸುವುದಕ್ಕೆ ಒಂದು ತಿಂಗಳು ಮೊದಲೇ ಫೋಲಿಕ್ ಆಸಿಡ್ ಶುರುಮಾಡಬೇಕು ಎಂದು ಫೈಲಿನ ಒಳಮಗ್ಗುಲಿಗೆ ಬರೆದಿಟ್ಟುಕೊಂಡಿದ್ದಾಳೆ.