ಸಿಪಿಕೆ: ಚುಚ್ಚುಮದ್ದು ಏರಿಸುವ ಕಿಣ್ವ

ರಕ್ತಪರೀಕ್ಷೆಯ ವರದಿಯಲ್ಲಿ ‘ಸಿಪಿಕೆ’ ಅಥವಾ ‘ಸಿಕೆ’ ಎಂದು ಕಾಣುವುದು ಒಂದೇ ಕಿಣ್ವ: ಕ್ರಿಯಾಟಿನ್ ಕೈನೇಸ್. ಸ್ನಾಯುವಿಗೆ ತಟ್ಟನೆ ಶಕ್ತಿ ಬೇಕಾದಾಗ, ಕ್ರಿಯಾಟಿನ್ ಫಾಸ್ಫೇಟ್ ರೂಪದಲ್ಲಿ ಕೂಡಿಟ್ಟದ್ದನ್ನು ಬಳಸಿ, ಜೀವಕೋಶ ನೇರವಾಗಿ ಬಳಸುವ ಶಕ್ತಿಯ ಅಣುವಾದ ಎಟಿಪಿ ತಯಾರಿಸಿಕೊಡುವುದು ಇದರ ಕೆಲಸ. ಆ ಕೆಲಸ ನಡೆಯುವುದು ಜೀವಕೋಶದ ಒಳಗೆ. ರಕ್ತದಲ್ಲಿ ಇದು ಹೆಚ್ಚಾಗಿ ಕಂಡರೆ ಎಲ್ಲೋ ಸ್ನಾಯುಕೋಶಗಳ ಪೊರೆ ಹರಿದು ಒಳಗಿನದು ಹೊರಗೆ ಸೋರಿದೆ ಎಂದು ತಿಳಿಯಬೇಕು.

ಸ್ನಾಯುವಿಗೆ ಕೊಡುವ ಇಂಜೆಕ್ಷನ್ ಇಂಥ ಸೋರಿಕೆಗೆ ಒಂದು ಸಾಮಾನ್ಯ ಕಾರಣ. ಸೂಜಿಯ ಗಾಯ ತೀರ ಚಿಕ್ಕದು. ಹೆಚ್ಚಿನ ಹಾನಿ ಔಷಧದ ದ್ರವದಿಂದಲೇ ಆಗುತ್ತದೆ. ಅದರ ಆಮ್ಲೀಯತೆ ಅಥವಾ ಕ್ಷಾರೀಯತೆ, ಸಾಂದ್ರತೆ, ಪ್ರಮಾಣ, ಔಷಧವನ್ನು ಕರಗಿಸಲು ಬಳಸಿದ ದ್ರಾವಕ ಇವೆಲ್ಲ ಸುತ್ತಲಿನ ಎಳೆಗಳನ್ನು ಕೆರಳಿಸಿ ಕೊಲ್ಲಬಲ್ಲವು. ಆದ್ದರಿಂದಲೇ ಡಯಾಜೆಪಾಮ್, ಕ್ಲೋರ್‌ಪ್ರೊಮಜೀನ್‌ಗಳಂಥ ಔಷಧಗಳು ಕಿಣ್ವವನ್ನು ಚೆನ್ನಾಗಿಯೇ ಏರಿಸುತ್ತವೆ. ಬರಿಯ ಸಲೈನ್ ಅಷ್ಟು ಏರಿಸುವುದಿಲ್ಲ. ಏರಿಕೆ ಕೆಲವೇ ಗಂಟೆಗಳಲ್ಲಿ ಆರಂಭವಾಗಿ, ಸಾಮಾನ್ಯವಾಗಿ ಒಂದು ದಿನದೊಳಗೆ ತುದಿ ಮುಟ್ಟಿ, ಮುಂದಿನ ಕೆಲವು ದಿನಗಳಲ್ಲಿ ಇಳಿಯುತ್ತದೆ. ಇಂಜೆಕ್ಷನ್ ದಿನವೂ ನಡೆಯುತ್ತಿದ್ದರೆ ಇಳಿಯಲು ಬಿಡುವೇ ಸಿಗುವುದಿಲ್ಲ.

ಹಿಂದೆ ಇದು ದೊಡ್ಡ ತೊಡಕಾಗಿತ್ತು. ಹೃದಯಾಘಾತವನ್ನು ಸಿಪಿಕೆಯಿಂದ ಗುರುತಿಸುತ್ತಿದ್ದ ಕಾಲದಲ್ಲಿ, ಎದೆನೋವಿನ ರೋಗಿಗೆ ನೋವು ತಗ್ಗಿಸಲು ಪೃಷ್ಠಕ್ಕೆ ಕೊಟ್ಟ ಇಂಜೆಕ್ಷನ್ನೇ ಸಂಖ್ಯೆಯನ್ನು ಮೇಲೇರಿಸಿಬಿಡುತ್ತಿತ್ತು. ಒಟ್ಟು ಸಿಪಿಕೆ ಮೂಲವನ್ನು ಹೇಳುವುದಿಲ್ಲ. ಆದರೆ ಈ ಕಿಣ್ವದಲ್ಲೇ ಬಗೆಗಳಿವೆ: ಎಂಬಿ ಎಂಬ ಬಗೆಯ ಪಾಲು ಮೈಯ ಸ್ನಾಯುಗಳಿಗಿಂತ ಹೃದಯದಲ್ಲಿ ಹೆಚ್ಚು, ಮೈಯ ಸ್ನಾಯುಗಳಲ್ಲಿರುವುದು ಬಹುಪಾಲು ಎಂಎಂ. ಈ ಭೇದ ತಿಳಿದ ಮೇಲೆ ಗೊಂದಲ ಕಡಿಮೆಯಾಯಿತು. ಇಂದು ಆ ಕೆಲಸವನ್ನು ಹೃದಯದ ಟ್ರೊಪೊನಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡುತ್ತದೆ. ಪೃಷ್ಠದ ಇಂಜೆಕ್ಷನ್ ಅದನ್ನು ಏರಿಸುವುದಿಲ್ಲ.

ಮನೋರೋಗ ಚಿಕಿತ್ಸೆಯಲ್ಲಿ ಮಾತ್ರ ತೊಡಕು ಇನ್ನೂ ಉಳಿದಿದೆ, ನನಗೆ ಹೆಚ್ಚು ಕಳವಳ ತರುವುದೂ ಅದೇ. ಉದ್ರೇಕಗೊಂಡ ರೋಗಿ ಸೆಣಸಾಡಿರುತ್ತಾನೆ, ಅವನನ್ನು ಹಿಡಿದು, ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್ ಔಷಧ ಚುಚ್ಚಿರುತ್ತಾರೆ. ಸೆಣಸಾಟ, ಇಂಜೆಕ್ಷನ್ ಎರಡೂ ಸಿಪಿಕೆಯನ್ನು ಏರಿಸುತ್ತವೆ. ಅದೇ ಔಷಧದಿಂದ ಅಪರೂಪಕ್ಕೆ ಬರುವ, ಪ್ರಾಣಕ್ಕೇ ಕುತ್ತಾಗಬಲ್ಲ ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್‌ನಲ್ಲೂ ಸಿಪಿಕೆ ಏರುತ್ತದೆ. ಅಲ್ಲಿ ಸಂಖ್ಯೆಯೊಂದನ್ನೇ ನಂಬಲಾಗದು. ಜ್ವರ, ಮೈ ಬಿಗಿತ, ಮಂಕಾದ ಪ್ರಜ್ಞೆ, ಏರುಪೇರಾಗುವ ರಕ್ತದೊತ್ತಡ ಇವೆಯೇ ಎಂದು ನೋಡಲೇಬೇಕು.

ರಕ್ತ ಕೊಡುವಾಗ ಹಿಂದಿನ ಕೆಲವು ದಿನಗಳಲ್ಲಿ ತೆಗೆದುಕೊಂಡ ಇಂಜೆಕ್ಷನ್, ಮಾಡಿದ ಕಠಿಣ ವ್ಯಾಯಾಮ, ಕೊಲೆಸ್ಟೆರಾಲ್ ತಗ್ಗಿಸಲು ಸೇವಿಸುತ್ತಿರುವ ಸ್ಟ್ಯಾಟಿನ್ ಮಾತ್ರೆ ಇವನ್ನು ವೈದ್ಯರಿಗೆ ತಿಳಿಸಿ. ಇಂಜೆಕ್ಷನ್ ನಿಂತ ಒಂದು ವಾರದ ನಂತರವೂ ಸಿಪಿಕೆ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಸ್ನಾಯುಗಳು ಸೋತಿದ್ದರೆ ಇಂಜೆಕ್ಷನ್ ಮೇಲೆ ಹೊರಿಸಿ ಕಾಯುವಂತಿಲ್ಲ. ಅದು ಮೂತ್ರಪಿಂಡಗಳನ್ನೇ ಕೆಡಿಸಬಲ್ಲ ಸ್ನಾಯುನಾಶದ ಲಕ್ಷಣ, ಅಂದೇ ಆಸ್ಪತ್ರೆಗೆ ಹೋಗಬೇಕು.