ಬೇಸ್ ಡ್ರಮ್ಮಿನ ಏಟು ರೆಕಾರ್ಡಿಗೆ ಇಳಿದ ಬಗೆ

ಬೇಸ್, ಅಂದರೆ ತಗ್ಗಿನ ಸ್ಥಾಯಿಯ ದನಿ, ಚೆನ್ನಾಗಿರುವುದು ವಿನೈಲ್ ಪ್ಲೇಟಿನಲ್ಲೋ, ಡಿಜಿಟಲ್‌ನಲ್ಲೋ? ಸಂಗೀತದ ಹುಚ್ಚಿರುವ ನಾಲ್ಕು ಜನ ಸೇರಿದರೆ ಈ ಜಗಳ ಶುರುವಾಗಿಯೇ ಆಗುತ್ತದೆ. ಒಬ್ಬರು ಪ್ಲೇಟಿನ ಗೆರೆ ಓದುವ ಮುಳ್ಳಿನ ಮಾತಾಡುತ್ತಾರೆ, ಇನ್ನೊಬ್ಬರು ಸ್ಪೀಕರಿನದು, ಮತ್ತೊಬ್ಬರು ಮೈಕಿನದು. ಪಾಶ್ಚಾತ್ಯ ಆರ್ಕೆಸ್ಟ್ರಾದ ಬೇಸ್ ಡ್ರಮ್ ಒಂದನ್ನೇ ಹಿಡಿದು ಹೋದರೆ ಈ ಸಿಕ್ಕು ಸ್ವಲ್ಪ ಬಿಡುತ್ತದೆ.

ಮೂರಡಿ ಅಗಲದ ಆ ಡ್ರಮ್ಮಿಗೆ ಮೆತ್ತನೆ ತಲೆಯ ಕೋಲು ಬಿದ್ದರೆ ಹೊರಡುವ ದನಿಯ ಬಹುಪಾಲು ಬಲ 100 ಹರ್ಟ್ಜ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗೇ ಇರುತ್ತದೆ. ಇಟಲಿಯ ವೆರ್ದಿ ಸತ್ತವರ ಪ್ರಾರ್ಥನೆಗೆ ಕಟ್ಟಿದ ‘ರಿಕ್ವಿಯಮ್’ನಲ್ಲಿ ‘ದಿಯೆಸ್ ಇರೆ’ ಎಂಬ ಭಾಗ ಶುರುವಾದಾಗ, ಇಡೀ ವಾದ್ಯವೃಂದದ ಹೊಡೆತಗಳ ನಡುವೆ ಈ ಡ್ರಮ್ ಒಂಟಿಯಾಗಿ ಗುಡುಗುತ್ತದೆ. ಹಾಲ್‌ನಲ್ಲಿ ಕೂತವರಿಗೆ ಕುರ್ಚಿಯೇ ಅದುರಿದ ಹಾಗಾಗುತ್ತದೆ.

1925ಕ್ಕೆ ಮುಂಚೆ ಕಹಳೆಯಂಥ ಕೊಳವೆಯ ಮುಂದೆ ನುಡಿಸಿ ರೆಕಾರ್ಡ್ ಮಾಡುತ್ತಿದ್ದ ಕಾಲದಲ್ಲಿ ಈ ದನಿ ದಾಖಲಾಗುತ್ತಲೇ ಇರಲಿಲ್ಲ. ಆಮೇಲೆ ಮೈಕ್ ಬಂತು, 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ವಿನೈಲ್ ಪ್ಲೇಟು ಎಲ್‌ಪಿ, 1958ರ ಹೊತ್ತಿಗೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ದನಿ ಕೊಡುವ ಸ್ಟೀರಿಯೋ. ಒಂದೊಂದು ಸಲವೂ ರೆಕಾರ್ಡಿಗೆ ಸಿಗುವ ದನಿ ತಗ್ಗಿನ ಕಡೆಗೆ ಒಂದೊಂದು ಮೆಟ್ಟಿಲು ಇಳಿಯಿತು. ಆದರೆ ದನಿಯನ್ನು ಕೊರೆದಿಡುವ ಪ್ಲೇಟಿನ ಮೇಲಿನ ಗೆರೆ ಮಾತ್ರ ತಕರಾರು ಮಾಡುತ್ತಲೇ ಇತ್ತು.

ತಗ್ಗಿನ ದನಿ ಜೋರಾದಷ್ಟೂ ಗೆರೆ ಅಕ್ಕಪಕ್ಕಕ್ಕೆ ಜಾಸ್ತಿ ಹೊಯ್ದಾಡುತ್ತದೆ. ಹಾಗೇ ಬಿಟ್ಟರೆ ಪಕ್ಕದ ಗೆರೆಗೇ ಹೋಗಿ ತಾಗುತ್ತದೆ. ಅದಕ್ಕೇ ಕೊರೆಯುವಾಗ ಬೇಸ್ ಇಳಿಸುತ್ತಾರೆ, ನುಡಿಸುವಾಗ ಆಂಪ್ಲಿಫೈಯರ್ ಅಷ್ಟನ್ನೇ ಏರಿಸಿ ಕೊಡುತ್ತದೆ. 20 ಹರ್ಟ್ಜ್‌ನಲ್ಲಿ ಈ ಏರಿಳಿತ ಸುಮಾರು 20 ಡೆಸಿಬೆಲ್ (ದನಿಯ ಜೋರಿನ ಅಳತೆ). ಮೊದಮೊದಲು ಕಂಪನಿಗೊಂದು ಲೆಕ್ಕ ಇತ್ತು. 1954ರಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಆರ್‌ಐಎಎ ಹೆಸರಿನ ಒಂದೇ ಲೆಕ್ಕ ಬಂದ ಮೇಲೆ ಗೊಂದಲ ಕಡಿಮೆಯಾಯಿತು.

ಸ್ಟೀರಿಯೋ ಇನ್ನೊಂದು ತೊಡಕು ತಂದಿತು. ಅದರಲ್ಲಿ ಎಡ-ಬಲದ ವ್ಯತ್ಯಾಸವನ್ನು ಮುಳ್ಳು ಮೇಲೆ ಕೆಳಗೆ ಆಡಿ ಓದುತ್ತದೆ. ಬೇಸ್ ಡ್ರಮ್ ವೇದಿಕೆಯ ಒಂದು ಬದಿಗಿದ್ದು, ಎರಡೂ ಚಾನೆಲ್‌ಗಳಲ್ಲಿ ದನಿ ಬೇರೆ ಬೇರೆಯಾಗಿ ಬಂದರೆ ಗೆರೆಯ ಆಳ ಒಮ್ಮೆಲೇ ತಗ್ಗಿ ಮುಳ್ಳು ಹಾರಿಬಿಡಬಹುದು. ಹೀಗಾಗಿ ಪ್ಲೇಟು ಕೊರೆಯುವವರು ತೀರಾ ತಗ್ಗಿನ ದನಿಯನ್ನು ಎರಡೂ ಚಾನೆಲ್‌ಗಳಲ್ಲಿ ಒಂದೇ ಸಮ ಬರುವ ಹಾಗೆ ಸುಮ್ನೆ ನಡುವಿಗೆ ತಂದು ಸೇರಿಸುತ್ತಿದ್ದರು. ಜೊತೆಗೆ ಒಂದು ಬದಿಯಲ್ಲಿ 20–25 ನಿಮಿಷ ತುಂಬಬೇಕು ಅಂದರೆ ಗೆರೆಗಳು ಒತ್ತೊತ್ತಾಗಿರಬೇಕು. ಆ ಇಕ್ಕಟ್ಟಿನಲ್ಲಿ ಮೊದಲು ಸೊರಗುತ್ತಿದ್ದದ್ದು ಬೇಸ್ ಡ್ರಮ್ಮೇ.

ಇದೆಲ್ಲ ಅಲುಗಾಡಿದ್ದು 1978ರ ಏಪ್ರಿಲ್‌ನಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ಸೆವರೆನ್ಸ್ ಹಾಲ್‌ನಲ್ಲಿ, ಆಗಷ್ಟೇ ಹುಟ್ಟಿದ್ದ ಟೆಲಾರ್ಕ್ ಎಂಬ ಪುಟ್ಟ ಕಂಪನಿ ಫ್ರೆಡ್ರಿಕ್ ಫೆನೆಲ್ ನಿರ್ದೇಶನದ ಗಾಳಿವಾದ್ಯ ತಂಡವನ್ನು ರೆಕಾರ್ಡ್ ಮಾಡಿತು. ಯಂತ್ರ ಥಾಮಸ್ ಸ್ಟಾಕ್‌ಹ್ಯಾಮ್ ಅವರ ಸೌಂಡ್‌ಸ್ಟ್ರೀಮ್. ದನಿಯನ್ನು ಸೆಕೆಂಡಿಗೆ 50,000 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನ ಅಂಕಿಯಾಗಿ ಬರೆಯುವ ಡಿಜಿಟಲ್ ಯಂತ್ರ ಅದು. ಮೈಕುಗಳು ಕೆಲವೇ, ಅವೂ ಎಲ್ಲ ದಿಕ್ಕಿನಿಂದ ದನಿ ಹಿಡಿಯುವಂಥವು. ಒಂದೇ ದಿಕ್ಕಿನ ಮೈಕು ದೂರದ ಬೇಸನ್ನು ಕಳೆದುಕೊಳ್ಳುತ್ತದೆ, ಇವು ಕಳೆದುಕೊಳ್ಳುವುದಿಲ್ಲ. ಹಳೆಯ ಬಗೆಯ ಟೇಪಿನಲ್ಲಾದರೆ ದೊಡ್ಡ ಏಟಿನ ತುದಿ ಮೊಂಡಾಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಇಂಗ್ಲೆಂಡಿನ ಹೋಲ್ಸ್ಟ್ ಬ್ಯಾಂಡಿಗಾಗಿ ಬರೆದ ಸ್ವೀಟ್‌ಗಳಲ್ಲಿ (ಸಣ್ಣ ಭಾಗಗಳ ಸರಣಿ) ಬರುವ ಆ ಡ್ರಮ್ಮಿನ ಏಟು ಆಡಿಯೋ ಲೋಕದಲ್ಲಿ ಮನೆಮಾತಾಯಿತು.

ಆಗಿನ್ನೂ ಸಿಡಿ ಇರಲಿಲ್ಲ, ಅಲ್ವಾ? ಹಾಗಾಗಿ ಜನ ಆ ಡಿಜಿಟಲ್ ಏಟನ್ನು ಮೊದಲು ಕೇಳಿದ್ದು ವಿನೈಲ್‌ನಲ್ಲೇ. ಎರಡನ್ನೂ ಎದುರಾಳಿಗಳ ಹಾಗೆ ನಿಲ್ಲಿಸುವಾಗ ಈ ಸಂಗತಿ ಮರೆತೇಹೋಗುತ್ತದೆ. ಬೆನ್ನಿಗೇ ಅದೇ ಕಂಪನಿಯಿಂದ ಸಿನ್ಸಿನಾಟಿ ಸಿಂಫನಿಯ, ಎರಿಕ್ ಕುಂಜೆಲ್ ನಡೆಸಿದ ರಷ್ಯದ ಚೈಕೋವ್‌ಸ್ಕಿಯ ‘1812’ ಎಂಬ ಕೃತಿ ಬಂತು. ಅದರಲ್ಲಿದ್ದದ್ದು ನಿಜವಾದ ಫಿರಂಗಿ. ಪ್ಲೇಟನ್ನು ಬೆಳಕಿಗೆ ಹಿಡಿದರೆ ಫಿರಂಗಿ ಸಿಡಿದ ಜಾಗದಲ್ಲಿ ಗೆರೆ ಸೊಟ್ಟಸೊಟ್ಟ ತಿರುಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಸ್ಪೀಕರ್ ಜೋಕೆ ಎಂದು ಕವರಿನ ಮೇಲೇ ಎಚ್ಚರಿಕೆ ಅಚ್ಚಾಗಿತ್ತು. ಎಷ್ಟೋ ಮನೆಗಳಲ್ಲಿ ಮುಳ್ಳು ಆ ಜಾಗದಲ್ಲಿ ನಿಲ್ಲದೆ ಹಾರಿತು.

1982ರಲ್ಲಿ ಸಿಡಿ ಬಂದಾಗ ಮುಳ್ಳಿನ ರಗಳೆ ಮುಗಿಯಿತು. ಅತಿ ಮೆಲ್ಲನೆಯ ದನಿಗೂ ಅತಿ ಜೋರಿಗೂ ನಡುವೆ 96 ಡೆಸಿಬೆಲ್ ಜಾಗ ಸಿಕ್ಕಿತು. ಎಲ್‌ಪಿಯಲ್ಲಿ ಸಿಗುತ್ತಿದ್ದದ್ದು ಹೆಚ್ಚೆಂದರೆ 70. ಆದರೆ ಸಿಕ್ಕ ಜಾಗವನ್ನು ಬಳಸುವ ತಾಳ್ಮೆ ಬೇಗ ತೀರಿತು. 1990ರ ದಶಕದಿಂದ ಎಲ್ಲವೂ ಜೋರಾಗಿ ಕೇಳಬೇಕು ಎಂಬ ಪೈಪೋಟಿ ಹೆಚ್ಚಾಯಿತು. ಆರ್ಕೆಸ್ಟ್ರಾ ರೆಕಾರ್ಡಿಂಗ್‌ಗಳಿಗೆ ಇದರ ಬಿಸಿ ಪಾಪ್ ಹಾಡುಗಳಷ್ಟು ತಟ್ಟಲಿಲ್ಲ. ತಟ್ಟಿದ ಕಡೆ ಮೊದಲು ಸವೆದದ್ದು ಡ್ರಮ್ಮಿನ ಏಟಿನ ತುದಿ.

ಮನೆಯ ಕಥೆ ಇನ್ನೂ ಬೇರೆ. ದನಿಯನ್ನು ಒಂದು ಸ್ಥಾಯಿ ಕೆಳಗಿಳಿಸಿ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಸ್ಪೀಕರ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಅಂಗೈಯಗಲದ ಡಬ್ಬದಿಂದ ಅದು ಆಗದ ಮಾತು. ಡೊಳ್ಳು ಕುಣಿತವನ್ನು ಮೊಬೈಲಿನಲ್ಲಿ ಹಿಡಿದು ಅದರಲ್ಲೇ ಕೇಳಿ ನೋಡಿ: ಕೋಲಿನ ಟಪ್ ಟಪ್ ಇರುತ್ತದೆ, ಅದರ ಹಿಂದಿನ ಗುಂಗು ಇರುವುದಿಲ್ಲ. ಕಿವಿಯೂ ಸಹಾಯ ಮಾಡುವುದಿಲ್ಲ. ಸಣ್ಣಗೆ ಇಟ್ಟು ಕೇಳಿದಾಗ ನಮಗೆ ಮೊದಲು ಮರೆಯಾಗುವುದು ತಗ್ಗಿನ ದನಿಯೇ ಎಂದು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು.

2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಎಲ್‌ಪಿಗಳೇ ಹೆಚ್ಚು ಮಾರಾಟವಾದವು. 1987ರ ನಂತರ ಇದೇ ಮೊದಲು. ಹೊಸ ಎಲ್‌ಪಿಗಳಲ್ಲಿ ಎಷ್ಟೋ ಡಿಜಿಟಲ್ ಮಾಸ್ಟರ್‌ನಿಂದಲೇ (ಮೂಲ ಪ್ರತಿ) ಕೊರೆದವು. ಕೊಳ್ಳುವಾಗ ವಿನೈಲೋ ಡಿಜಿಟಲ್ಲೋ ಎಂದು ಕೇಳುವ ಬದಲು ಒಂದು ಬದಿಯಲ್ಲಿ ಎಷ್ಟು ನಿಮಿಷ ತುಂಬಿದ್ದಾರೆ ಎಂದು ನೋಡಿ. 15 ನಿಮಿಷದ ಬದಿಯಲ್ಲಿ ಡ್ರಮ್ಮಿಗೆ ಕೈಕಾಲು ಚಾಚಲು ಜಾಗ ಇರುತ್ತದೆ, 28 ನಿಮಿಷದ ಬದಿಯಲ್ಲಿ ಇರುವುದಿಲ್ಲ.